ಮರಿ ಬಾಲ್ಕನಿ ಬಿಟ್ಟು ಮ್ಯಾಟ್ ಮೇಲೆಯೇ ಉಚ್ಚೆ ಹೊಯ್ಯುತ್ತದೆ, ಏನು ಮಾಡಲಿ?

ಎರಡನೇ_ಮಹಡಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಹುಟ್ಟಿದಾಗಿನಿಂದ ಒಂದು ನಾಯಿಯನ್ನೂ ಸಾಕದವಳು ಕೇಳುತ್ತಿದ್ದೇನೆ, ನಗಬೇಡಿ.

ಹನ್ನೊಂದು ದಿನದ ಹಿಂದೆ ಒಂದು ಹೆಣ್ಣುಮರಿ ಮನೆಗೆ ಬಂತು. ನಮ್ಮ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿನ ಮರಳು ಗುಡ್ಡೆಯಲ್ಲಿ ಹುಟ್ಟಿದ್ದು. ತಾಯಿ ಗಾಡಿಗೆ ಸಿಕ್ಕಿ ಸತ್ತಿತು. ನಾಲ್ಕರಲ್ಲಿ ಮೂರನ್ನು ಗಾರೆ ಕೆಲಸದವರು ಹಂಚಿಕೊಂಡರು. ಉಳಿದದ್ದನ್ನು ನನ್ನ ಮಗ (ಎರಡನೇ ಕ್ಲಾಸು) ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದ. ಬೆನ್ನು ಕೆಂಪು, ಮೂತಿ ಕಪ್ಪು. ನಮ್ಮತ್ತೆ ನೋಡಿದವರೇ "ಕೆಂಚಿ" ಅಂದರು. "ಹೆಸರಿಟ್ಟೆ ಅಂದ್ರೆ ಒಳಗೆ ಬಿಟ್ಕೊಂಡೆ ಅಂತಲ್ಲ" ಅಂತಲೂ ಸೇರಿಸಿದರು. ಆ ಮಾತಿಗೆ ಎರಡು ದಿನ ಆಯಸ್ಸಿತ್ತು.

ಮೂರನೇ ದಿನವೇ ಪಶು ಆಸ್ಪತ್ರೆಗೆ ತೋರಿಸಿದೆವು. ಹಲ್ಲು ನೋಡಿ ಒಂದೂವರೆ ತಿಂಗಳು ಅಂದರು. ಜಂತುಹುಳದ ಔಷಧಿ ಕುಡಿಸಿದರು. ಮಾರನೇ ದಿನ ಶ್ಯಾವಿಗೆಯ ಹಾಗೆ ಹುಳ ಬಿದ್ದವು. ಅವತ್ತಿನಿಂದ ಮನೆಯಲ್ಲಿ ಯಾರೂ ಶ್ಯಾವಿಗೆ ಉಪ್ಪಿಟ್ಟು ಕೇಳಿಲ್ಲ. ಮೊದಲ ಚುಚ್ಚುಮದ್ದು ನಿನ್ನೆ ಆಯಿತು.

ಈಗ ಸಮಸ್ಯೆ. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಅದಕ್ಕೇ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿದ್ದೇನೆ. ಅರ್ಧ ಗಂಟೆ ಅಲ್ಲಿ ಬಿಟ್ಟರೆ ಪೇಪರ್ ಹರಿದು ಆಡುತ್ತದೆ, ಒಂದು ಹನಿ ಹೊಯ್ಯುವುದಿಲ್ಲ. ಒಳಗೆ ಬಂದ ಎರಡೇ ನಿಮಿಷಕ್ಕೆ ನೇರ ಬಾಗಿಲ ಹತ್ತಿರದ ಕಾಲೊರೆಸುವ ಮ್ಯಾಟ್‌ಗೆ ಹೋಗಿ ಕೂರುತ್ತದೆ. ಅದನ್ನು ತೆಗೆದರೆ ಬಚ್ಚಲ ಮುಂದಿನ ಮ್ಯಾಟ್. ಅದನ್ನೂ ತೆಗೆದೆ. ಮೊನ್ನೆ ಬೆಳಿಗ್ಗೆ ಅತ್ತೆ ದೇವರ ಮುಂದೆ ಕೂರುವ ಜಮಖಾನೆ! ಇಷ್ಟು ಅಗಲದ ಟೈಲ್ಸ್ ನೆಲ ಖಾಲಿ ಬಿದ್ದಿದೆ, ಅಲ್ಲಿ ಹೊಯ್ದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಬೇಕಂತಲೇ ಮಾಡುತ್ತದಾ?

ಒಂದು ಸಲ ಸಿಟ್ಟಿಗೆ ಮೂತಿ ಹಿಡಿದು ಆ ಉಚ್ಚೆಗೇ ತಾಗಿಸಿದೆ. ಯಾವುದೋ ವಿಡಿಯೋದಲ್ಲಿ ಹಾಗೆ ಹೇಳಿದ್ದರು. ಅದಾದ ಮೇಲೆ ಸೋಫಾ ಹಿಂದೆ ಕದ್ದು ಹೊಯ್ಯುವುದೂ ಶುರುವಾಗಿದೆ.

ಇನ್ನೆರಡು ಸಣ್ಣ ವಿಷಯ. ಕೈಕಾಲು, ಸೀರೆ ನೆರಿಗೆ, ಏನು ಸಿಕ್ಕರೂ ಕಚ್ಚುತ್ತದೆ. ನಿನ್ನೆ ಮಗನ ಕೈಗೆ ಹಲ್ಲು ತಾಗಿ ಒಂದು ಚುಕ್ಕೆ ರಕ್ತ ಬಂತು. ಮರಿ ಅಲ್ವಾ ಅಂತ ಅರಿಶಿನ ಹಚ್ಚಿದೆ. ಆಮೇಲೆ ಊಟ. ನಮ್ಮ ಮನೆಗೆ ಮೊಟ್ಟೆ ತರುವುದಿಲ್ಲ. ಹಾಲು ಅನ್ನ ಕೊಡುತ್ತಿದ್ದೇನೆ, ಸ್ವಲ್ಪ ಭೇದಿ ಇದೆ.

ಹಾಸನದ_ಕಾಂಪೌಂಡರ್

ಮೇಡಂ, ಉಚ್ಚೆ ವಿಷಯ ಆಮೇಲೆ. ನೀವು ಕೊನೆಯಲ್ಲಿ ಸಣ್ಣ ವಿಷಯ ಅಂತ ಬರೆದಿದ್ದೀರಲ್ಲ, ಅದೇ ದೊಡ್ಡದು.

ಮಗನನ್ನು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮರಿಯಿಂದ ರೇಬಿಸ್ ಬರುವುದಿಲ್ಲ ಅಂತ ತುಂಬ ಜನ ತಿಳಿದಿದ್ದಾರೆ. ಬರುತ್ತದೆ. ಬೀದಿಯಲ್ಲಿ ಹುಟ್ಟಿದ್ದು, ತಾಯಿಗೆ ಲಸಿಕೆ ಆಗಿತ್ತೋ ಇಲ್ಲವೋ ಹೇಳುವವರಿಲ್ಲ. ನಿನ್ನೆ ಮರಿಗೆ ಹಾಕಿದ್ದು ಪಾರ್ವೊ, ಡಿಸ್ಟೆಂಪರ್ (ಎರಡೂ ಮರಿಗಳ ಜೀವ ತೆಗೆಯುವ ವೈರಸ್ ರೋಗಗಳು) ಲಸಿಕೆ. ರೇಬಿಸ್‌ದು ಮೂರು ತಿಂಗಳು ತುಂಬಿದ ಮೇಲೆ ಹಾಕುವುದು. ಅಲ್ಲಿಯವರೆಗೆ ಈ ಮರಿಗೆ ರೇಬಿಸ್ ರಕ್ಷಣೆ ಇಲ್ಲ ಅಂತಲೇ ಲೆಕ್ಕ.

ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಬೇಡ. ಗಾಯವನ್ನು ಸೋಪು ಹಚ್ಚಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆಯಿರಿ. ನಿನ್ನೆಯ ಗಾಯ ಆದರೂ ತೊಳೆಯಿರಿ. ಆಸ್ಪತ್ರೆಯಲ್ಲಿ ಚರ್ಮಕ್ಕೆ ಕೊಡುವ ಲಸಿಕೆಯಾದರೆ ಇವತ್ತು, ಆಮೇಲೆ 3, 7, 28ನೇ ದಿನ ಹೋಗಬೇಕು. ರಕ್ತ ಬಂದಿದೆ ಅನ್ನುವುದನ್ನು ಮರೆಯದೆ ಹೇಳಿ. ಹಾಗಿದ್ದರೆ ಗಾಯದ ಜಾಗಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ರೇಬಿಸ್ ತಡೆಯುವ ಚುಚ್ಚುಮದ್ದು) ಕೂಡ ಹಾಕುತ್ತಾರೆ. "ಹತ್ತು ದಿನ ಮರಿ ನೋಡ್ಕೊಂಡು ಆಮೇಲೆ ಹಾಕಿಸೋಣ" ಅಂತ ಅಕ್ಕಪಕ್ಕದವರು ಹೇಳುತ್ತಾರೆ, ಕೇಳಬೇಡಿ. ಲಸಿಕೆ ಶುರು ಮಾಡಿಕೊಂಡು ನೋಡುವುದು ಸರಿ. ನಿಮಗೂ ಗೀರಿದ್ದರೆ ನೀವೂ ತೋರಿಸಿ. ಹದಿನಾಲ್ಕು ವರ್ಷ ನಾಯಿ ಹಿಡಿದುಕೊಳ್ಳುವ ಕೆಲಸ ಮಾಡಿದ್ದೇನೆ, ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಜೋರು.

ಭೇದಿಗೆ ಹಾಲು ನಿಲ್ಲಿಸಿ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಜೀರ್ಣ ಆಗುವುದಿಲ್ಲ. ಆದರೆ ವಾಂತಿ ಸೇರಿಕೊಂಡರೆ, ಮರಿ ಮಂಕಾಗಿ ಮೂಲೆ ಹಿಡಿದರೆ, ಭೇದಿಯಲ್ಲಿ ರಕ್ತ ಕಂಡು ಕೆಟ್ಟ ನಾತ ಹೊಡೆದರೆ ಬೆಳಗಾಗಲಿ ಅಂತ ಕಾಯಬೇಡಿ. ಪಾರ್ವೊ ಆಗಿದ್ದರೆ ಮರಿ ಒಂದೆರಡು ದಿನದಲ್ಲೇ ಕೈಬಿಟ್ಟು ಹೋಗಬಹುದು. ಒಂದು ಸೂಜಿಗೆ ಪೂರ್ತಿ ರಕ್ಷಣೆ ಬರುವುದಿಲ್ಲ. ಉಳಿದ ಡೋಸ್ ಮುಗಿಯುವವರೆಗೆ ರಸ್ತೆ ಮೇಲೆ ಇಳಿಸಬೇಡಿ, ಎತ್ತಿಕೊಂಡು ಓಡಾಡಿ.

ತೀರ್ಥಹಳ್ಳಿ_ಅಡಿಕೆ

ಮಾರಾಯ್ರೆ, ನಮ್ಮಲ್ಲಿ ನಾಯಿಗೆ ಉಚ್ಚೆ ಹೊಯ್ಯುವುದನ್ನು ಯಾರೂ ಕಲಿಸಿದ್ದಿಲ್ಲ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಅದರ ಪಾಡಿಗೆ ತೋಟಕ್ಕೆ ಹೋಗಿ ಬರ್ತದೆ. ಎರಡನೇ ಮಹಡಿಯಲ್ಲಿ ನಾಯಿ ಸಾಕುವುದು ಅಂದ್ರೆ ಮರದ ಮೇಲೆ ದನ ಕಟ್ಟಿದ ಹಾಗೆ. ಬೇಜಾರು ಮಾಡ್ಕೋಬೇಡಿ, ತಂದದ್ದಂತೂ ಪುಣ್ಯದ ಕೆಲಸ.

ಒಂದು ಮಾತ್ರ ಹೇಳ್ತೇನೆ. ಮೂತಿ ತಿಕ್ಕುವುದು, ಪೇಪರ್ ಸುತ್ತಿ ಹೊಡೆಯುವುದು ಎಲ್ಲ ಬಿಡಿ. ನಮ್ಮಪ್ಪ ಕರಿಯನಿಗೆ ಹಾಗೆ ಮಾಡ್ತಿದ್ದರು. ಕರಿಯ ಹೊಯ್ಯುವುದು ಬಿಡಲಿಲ್ಲ, ಅಪ್ಪ ಕರೆದರೆ ಬರುವುದು ಬಿಟ್ಟ.

ಮೂರು_ನಾಯಿ_ಒಂದು_ಬಾಲ್ಕನಿ

ಅಕ್ಕಾ, ಬೇಕಂತ ಮಾಡುತ್ತಿಲ್ಲ. ನೀವೇ ಉತ್ತರ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೇ. ಮರಳು ಗುಡ್ಡೆಯಲ್ಲಿ ಹುಟ್ಟಿದ ಮರಿ.

ಮರಿ ನಡೆಯಲು ಶುರು ಮಾಡಿದಾಗಿಂದ ಪಾದಕ್ಕೆ ಏನು ತಾಗುತ್ತದೋ ಅದರ ಮೇಲೆ ಉಚ್ಚೆ ಮಾಡುವ ಅಭ್ಯಾಸ ಬೀಳುತ್ತದೆ. ಪೇಪರ್ ಮೇಲೆ ಬೆಳೆದದ್ದು ಪೇಪರ್ ಹುಡುಕುತ್ತದೆ, ಹುಲ್ಲಿನ ಮೇಲೆ ಬೆಳೆದದ್ದು ಹುಲ್ಲು ಹುಡುಕುತ್ತದೆ. ನಿಮ್ಮ ಕೆಂಚಿಗೆ ಗೊತ್ತಿರುವುದು ಒಂದೇ: ಮೆತ್ತಗೆ ಒರಟಾಗಿರಬೇಕು, ಹೊಯ್ದರೆ ಇಂಗಬೇಕು, ಕಾಲಿಗೆ ಸಿಡಿಯಬಾರದು. ನಿಮ್ಮ ಮನೆಯಲ್ಲಿ ಅಂಥದ್ದು ಯಾವುದಿದೆ? ಕಾಲೊರೆಸುವ ಮ್ಯಾಟ್, ಬಚ್ಚಲ ಮ್ಯಾಟ್, ಅತ್ತೆಯ ಜಮಖಾನೆ. ಅದರ ಲೆಕ್ಕದಲ್ಲಿ ಅದು ತುಂಬ ಶಿಸ್ತಿನ ಮರಿ.

ಹಾಗಾಗಿ ಪೇಪರ್ ತೆಗೆಯಿರಿ. ಅಗಲದ ಟ್ರೇ ಒಂದರಲ್ಲಿ ಮರಳು ಹಾಕಿ ಬಾಲ್ಕನಿಯಲ್ಲಿಡಿ. ಅಂಚು ಎರಡು ಇಂಚಿಗಿಂತ ಜಾಸ್ತಿ ಎತ್ತರ ಬೇಡ, ಹತ್ತಲು ಆಗುವುದಿಲ್ಲ. ಮೊದಲ ಸಲ ಮ್ಯಾಟ್ ಮೇಲೆ ಹೊಯ್ದಿದ್ದನ್ನು ಬಟ್ಟೆಯಲ್ಲಿ ಒತ್ತಿ ತಂದು ಅದರಲ್ಲಿ ಹಿಂಡಿ. ವಾಸನೆ ಬೇಕು. ಮ್ಯಾಟ್, ಜಮಖಾನೆ ಎಲ್ಲ ಎರಡು ವಾರ ಅಟ್ಟಕ್ಕೆ ಹೋಗಲಿ. ಹೊಯ್ದ ಜಾಗಕ್ಕೆ ಬರೀ ಫಿನಾಯಿಲ್ ಸಾಕಾಗುವುದಿಲ್ಲ. ನಮಗೆ ಫಿನಾಯಿಲ್ ವಾಸನೆ ಬಂದರೆ ಕ್ಲೀನ್ ಅನಿಸುತ್ತದೆ, ನಾಯಿ ಮೂಗಿಗೆ ಅದರ ಕೆಳಗಿನ ಉಚ್ಚೆ ವಾಸನೆ ಹಾಗೇ ಇರುತ್ತದೆ. ಸೋಪು ನೀರಲ್ಲಿ ತೊಳೆದು, ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ.

ಆಮೇಲೆ ಟೈಮು. ಎರಡು ತಿಂಗಳ ಮರಿಗೆ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ಮೇಲೆ, ಆಟದ ನಡುವೆ ಹೋಗಿಯೇ ಹೋಗುತ್ತದೆ. ನೆಲ ಮೂಸಿ ಒಂದು ಸುತ್ತು ತಿರುಗಿದರೆ ನಿಮಗೆ ಐದು ಸೆಕೆಂಡ್ ಇದೆ. ಎತ್ತಿಕೊಂಡು ಹೋಗಿ ಟ್ರೇಯಲ್ಲಿ ಬಿಡಿ. ಅಲ್ಲಿ ನೀವು ಸುಮ್ನೆ ನಿಲ್ಲಬೇಕು. ನೀವು ಮಾತಾಡಿಸಿದರೆ ಅದು ಆಟ ಅಂದುಕೊಳ್ಳುತ್ತದೆ. ಮುಗಿಸಿದ ಆ ಕ್ಷಣಕ್ಕೇ ಒಂದು ಚೂರು ತಿಂಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟ ಹಾಗಾಗುತ್ತದೆ.

ಸೋಫಾ ಹಿಂದೆ ಹೋಗುವುದು ನೀವು ಕಲಿಸಿದ್ದು, ಬಯ್ಯುತ್ತಿಲ್ಲ, ನಾನೂ ಮೊದಲ ನಾಯಿಗೆ ಅದನ್ನೇ ಕಲಿಸಿದ್ದೆ. ಉಚ್ಚೆ ತಪ್ಪು ಅಂತ ಅದಕ್ಕೆ ಅರ್ಥ ಆಗಲಿಲ್ಲ. ನಿಮ್ಮ ಎದುರು ಹೊಯ್ಯುವುದು ತಪ್ಪು ಅಂತ ಅರ್ಥ ಆಯಿತು. ಅದಕ್ಕೇ ಬಾಲ್ಕನಿಯಲ್ಲೂ ನೀವು ಪಕ್ಕದಲ್ಲಿ ನಿಂತರೆ ಮಾಡುವುದಿಲ್ಲ. ಸ್ವಲ್ಪ ದಿನ ಅರ್ಧ ತಿರುಗಿ ನಿಂತುಕೊಳ್ಳಿ.

ಕಚ್ಚುವುದಕ್ಕೆ ಔಷಧಿ ಇಲ್ಲ, ಸೂಜಿಯಂಥ 28 ಹಾಲುಹಲ್ಲು. ನಾಲ್ಕನೇ ತಿಂಗಳಿಂದ ಬೀಳುತ್ತವೆ. ಮಗನಿಗೆ ಓಡಬೇಡ, ಕಿರುಚಬೇಡ, ಮರದ ಹಾಗೆ ನಿಂತುಬಿಡು ಅಂತ ಹೇಳಿ. ಹಳೇ ಬಟ್ಟೆಗೆ ಗಂಟು ಹಾಕಿ, ಒದ್ದೆ ಮಾಡಿ ಫ್ರಿಜ್‌ನಲ್ಲಿಟ್ಟು ಕೊಡಿ.

ಹಾಸನದ_ಕಾಂಪೌಂಡರ್

ಮರಳಿನ ಐಡಿಯಾ ಒಪ್ಪಿದೆ. ಆದರೆ ದಯವಿಟ್ಟು ಅದೇ ಗುಡ್ಡೆಯಿಂದ ತರಬೇಡಿ. ಬೀದಿ ನಾಯಿಗಳು ಹೋಗಿ ಬಂದ ಜಾಗ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಟ್ರೇ ತೊಳೆಯಲು ಫಿನಾಯಿಲ್ ನಂಬಬೇಡಿ, ಬ್ಲೀಚಿಂಗ್ ಪುಡಿ ಕರಗಿಸಿದ ನೀರು ಬಳಸಿ, ಚೆನ್ನಾಗಿ ತೊಳೆದು ಒಣಗಿಸಿ.

ಊಟ: ಮರಿಗಳಿಗೆ ಅಂತಲೇ ಬರುವ ಒಣ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಜೊತೆಗೆ ಉಪ್ಪು ಹಾಕದ ರಾಗಿ ಗಂಜಿ, ಒಗ್ಗರಣೆ ಇಲ್ಲದ ಮೊಸರನ್ನ ಪರವಾಗಿಲ್ಲ. ಬರೀ ಅನ್ನದಲ್ಲಿ ಬೆಳೆಯುವ ಮರಿಗೆ ಪ್ರೋಟೀನ್ ಸಾಲುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಕೊಡಬೇಡಿ. ಚಾಕಲೇಟು ಬೇಡ. ಒಣದ್ರಾಕ್ಷಿ ವಿಷ, ಹಾಗಾಗಿ ಪ್ರಸಾದದ ಸಜ್ಜಿಗೆ, ಪಾಯಸ ಕೂಡ ಬೇಡ. ಅತ್ತೆಯವರಿಗೆ ನೀವೇ ಹೇಳಿ.

ಎರಡನೇ_ಮಹಡಿ_ಮೈಸೂರು

ಮೊದಲು ಇದು. ಅವತ್ತೇ ಮಧ್ಯಾಹ್ನ ರಜೆ ಹಾಕಿ ಆಸ್ಪತ್ರೆಗೆ ಹೋದೆವು. ಮಗನಿಗೆ ಎರಡೂ ಹಾಕಿದರು. ನನ್ನ ಮಣಿಕಟ್ಟಿನಲ್ಲೂ ಎರಡು ಗೀರು ಸಿಕ್ಕಿದವು, ನನಗೂ ಶುರು. ಹೇಳದಿದ್ದರೆ ನಾನಂತೂ ಹೋಗುತ್ತಿರಲಿಲ್ಲ. ಕಾಂಪೌಂಡರ್ ಅವರಿಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ.

ಹಾಲು ನಿಲ್ಲಿಸಿದ ಮಾರನೇ ದಿನಕ್ಕೆ ಭೇದಿ ಕಟ್ಟಿತು. ಪ್ಯಾಕೆಟ್ ಆಹಾರ ತಂದಿದ್ದೇವೆ. ಅದರ ಮೇಲೆ ಕೋಳಿ ಚಿತ್ರ ಇದೆ. ಅತ್ತೆ "ನಂಗೆ ಕನ್ನಡಕ ಇಲ್ದೆ ಏನೂ ಕಾಣಲ್ಲ" ಅಂದು ಒಳಗೆ ಹೋದರು. ಕನ್ನಡಕ ಮೂಗಿನ ಮೇಲೇ ಇತ್ತು.

ಮರಳಿಗೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಒಂದು ಬಾಂಡ್ಲಿ ಮರಳಲ್ಲಿ ಏನು ಕಟ್ತೀರಾ ಮೇಡಂ?" ಅಂತ ಕೇಳಿದರು. ನಾಯಿಗೆ ಕಕ್ಕಸು ಅಂದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಎಂ ಸ್ಯಾಂಡ್ ಚುಚ್ಚುತ್ತದೆ, ಇದನ್ನು ತಗೊಳ್ಳಿ ಅಂತ ಹೊಳೆ ಮರಳೇ ಕೊಟ್ಟರು, ಈ ಕಾಲದಲ್ಲಿ!

ಮಗನ ಹಳೇ ರಫ್ ನೋಟ್‌ಬುಕ್ಕಿನಲ್ಲಿ ಟೈಮು ಬರೆಯುತ್ತಿದ್ದೇನೆ. ಮೊದಲ ದಿನ 17 ಸಲ, ಟ್ರೇಯಲ್ಲಿ 4. ಮೂರನೇ ದಿನ 9. ನಿನ್ನೆ, ಅಂದರೆ ಎಂಟನೇ ದಿನ, 15ರಲ್ಲಿ 13. ತಪ್ಪಿದ ಎರಡೂ ಆಟದ ನಡುವೆ, ಎರಡಕ್ಕೂ ನಾನು ಫೋನ್ ನೋಡುತ್ತಿದ್ದೆ. ಮೊದಲ ಸಲ ಮರಳಿನ ಮೇಲೆ ಬಿಟ್ಟಾಗ ಏನು ಮಾಡಿತು ಗೊತ್ತಾ? ನಾಲ್ಕೂ ಕಾಲು ಅಗಲ ಮಾಡಿ ನಿಂತು ಮೂಗನ್ನು ಮರಳಿಗೆ ಹುದುಗಿಸಿ ತುಂಬ ಹೊತ್ತು ಮೂಸಿತು. ಮೂತಿಯ ಮೇಲೆಲ್ಲ ಮರಳು. ಆಮೇಲೆ ಅಲ್ಲೇ ಸುತ್ತಿಕೊಂಡು ಮಲಗಿಬಿಟ್ಟಿತು. ಎಬ್ಬಿಸಲು ಮನಸ್ಸು ಬರಲಿಲ್ಲ. ಎದ್ದ ಮೇಲೆ ಒಂದು ಮೂಲೆಗೆ ಹೋಗಿ ಹೊಯ್ದಿತು. ನಾನು ಅರ್ಧ ತಿರುಗಿ ನಿಂತಿದ್ದೆ, ಹೇಳಿದ ಹಾಗೆ.

ಈಗ ಹೊಸ ಪ್ರಶ್ನೆ. ಮರಳು, ಮಣ್ಣು ಅಂದರೆ ಇದೇ ಕೆಲಸಕ್ಕೆ ಅಂತ ಚೆನ್ನಾಗಿಯೇ ಕಲಿತಿದೆ. ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಟ್ರೇ ಪಕ್ಕದಲ್ಲೇ ಇರುವ ಅತ್ತೆಯ ತುಳಸಿ ಕುಂಡಕ್ಕೆ ಮುಂಗಾಲು ಹಾಕಿ ಹತ್ತಲು ನೋಡುತ್ತಿತ್ತು.

ಮೂರು_ನಾಯಿ_ಒಂದು_ಬಾಲ್ಕನಿ

ಅಯ್ಯೋ ಅಕ್ಕಾ! ಅದಕ್ಕೆ ಟ್ರೇನಿಂಗ್ ಬೇಡ, ಸ್ಟೂಲ್ ಬೇಕು. ಇವತ್ತೇ ಎತ್ತರದಲ್ಲಿಡಿ.

ಎರಡನೇ_ಮಹಡಿ_ಮೈಸೂರು

ಇಟ್ಟಾಯಿತು. ಅತ್ತೆ ಈಗ ತುದಿಗಾಲಲ್ಲಿ ನಿಂತು ನೀರು ಹಾಕುತ್ತಾರೆ, ಕೆಂಚಿ ಕೆಳಗೆ ಕೂತು ಸೆರಗು ಎಳೆಯುತ್ತದೆ.