ಒಂದು ಗೆರೆಯೋ ಎರಡು ಗೆರೆಯೋ? ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀರಿ?

ಚಿಂತಾಮಣಿಯಿಂದ ಒಬ್ಬ ತಾಯಿ:
ಮಗಳು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಮೀಥೇನ್, ನೀರಿನ ಇಲೆಕ್ಟ್ರಾನ್ ಚುಕ್ಕಿ ರಚನೆ ಸಲೀಸಾಗಿ ಬರೆಯುತ್ತಾಳೆ. ಆಕ್ಸಿಜನ್, ಈಥೀನ್ ಬಂದರೆ ಪರಮಾಣುಗಳ ನಡುವೆ ಎಲ್ಲಿ ಏಕಬಂಧ (ಒಂದು ಗೆರೆ), ಎಲ್ಲಿ ದ್ವಿಬಂಧ (ಎರಡು ಗೆರೆ) ಅಂತ ತಿಳಿಯದೆ ಬಾಯಿಪಾಠ ಮಾಡುತ್ತಾಳೆ. ಹೇಳಿಕೊಟ್ಟು ಅನುಭವ ಇರುವವರು ದಯವಿಟ್ಟು ತಿಳಿಸಿ.

ತಿಪಟೂರು ಕಡೆಯ ಹೈಸ್ಕೂಲ್ ಮೇಷ್ಟ್ರು:
ಬಾಯಿಪಾಠ ಬಿಡಿಸಿ, ಅಮ್ಮಾ. ಗೆರೆ ಎಳೆಯುವ ಮೊದಲು ಹೊರಕವಚದ ಇಲೆಕ್ಟ್ರಾನ್ ಎಣಿಸಲಿ. ಹೈಡ್ರೋಜನ್‌ಗೆ 1, ಕಾರ್ಬನ್‌ಗೆ 4, ನೈಟ್ರೋಜನ್‌ಗೆ 5, ಆಕ್ಸಿಜನ್‌ಗೆ 6. ಕವಚ ತುಂಬಲು 8 ಬೇಕು, ಹೈಡ್ರೋಜನ್‌ಗೆ ಮಾತ್ರ 2 ಸಾಕು. ಎಷ್ಟು ಕಡಿಮೆ ಇದೆಯೋ ಅಷ್ಟು ಬಂಧ.

ನಾನು ತರಗತಿಯಲ್ಲಿ ಹುಣಸೆಬೀಜ ಕೊಡುತ್ತೇನೆ, ಒಂದು ಬೀಜ ಅಂದರೆ ಒಂದು ಇಲೆಕ್ಟ್ರಾನ್. ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ, ಅಂಚು ಒಂದರೊಳಗೊಂದು ಹೋಗಿರಬೇಕು. ಎರಡೂ ಆಕ್ಸಿಜನ್, ತಲಾ 6 ಬೀಜ. ಇದರದೊಂದು ಅದರದೊಂದು ನಡುವೆ ಇಟ್ಟರೆ ಎರಡಕ್ಕೂ 7 ಆಗುತ್ತದೆ. ಇನ್ನೂ ಒಂದು ಸಾಲದು. ಮತ್ತೊಂದು ಜೋಡಿ ಇಟ್ಟಾಗ 8. ಎರಡು ಜೋಡಿ, ಎರಡು ಗೆರೆ. ನಡುವಿನ ಬೀಜ ಎರಡೂ ಕಡೆಯ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳು ಎಡವುವುದು ಇಲ್ಲೇ, ನಿಧಾನವಾಗಿ ಹೇಳಿ.

ಈಥೀನ್‌ನಲ್ಲಿ ಕಾರ್ಬನ್ 2, ಪ್ರತಿ ಕಾರ್ಬನ್‌ಗೆ ಹೈಡ್ರೋಜನ್ 2. ಮೊದಲು ಎಲ್ಲ ಕಡೆ ಒಂದೊಂದೇ ಗೆರೆ ಹಾಕಿಸಿ. ಆಗ ಪ್ರತಿ ಕಾರ್ಬನ್‌ಗೆ 3 ಬಂಧ ಆಗಿರುತ್ತದೆ, ಬೇಕಾದ್ದು 4. ಎರಡು ಕಾರ್ಬನ್‌ನಲ್ಲೂ ಒಂದೊಂದು ಬೀಜ ಒಂಟಿಯಾಗಿ ಉಳಿಯುತ್ತದೆ. ಹೈಡ್ರೋಜನ್‌ಗೆ ಆಗಲೇ 2 ತುಂಬಿದೆ, ಅಲ್ಲಿ ಜಾಗ ಇಲ್ಲ. ಹಾಗಾಗಿ ಆ ಎರಡು ಬೀಜವೇ ಜೋಡಿಯಾಗಬೇಕು.

ತುಮಕೂರಿನಲ್ಲಿ ಬಿಎಸ್ಸಿ ಓದುತ್ತಿರುವವಳು:
ಮೇಷ್ಟ್ರ ದಾರಿಯೇ ಸರಿ. ತಾಳೆ ನೋಡಲು ನಾನು ಒಂದು ಲೆಕ್ಕ ಮಾಡುತ್ತೇನೆ, ಆಂಟಿ. ಬೇಕಾದ ಒಟ್ಟು ಇಲೆಕ್ಟ್ರಾನ್‌ನಿಂದ ಇರುವುದನ್ನು ಕಳೆದು 2ರಿಂದ ಭಾಗಿಸಬೇಕು. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮೂರು ಪರಮಾಣು, ತಲಾ 8ರಂತೆ ಬೇಕಾದ್ದು 24, ಇರುವುದು 16. ಕಳೆದರೆ 8, ಅಂದರೆ 4 ಬಂಧ. ಕಾರ್ಬನ್‌ನ ಪಕ್ಕ ಎರಡೇ ಆಕ್ಸಿಜನ್, ಹಾಗಾಗಿ ಆ ಕಡೆ ಎರಡು, ಈ ಕಡೆ ಎರಡು. ನೈಟ್ರೋಜನ್‌ಗೆ 16ರಲ್ಲಿ 10 ಕಳೆದರೆ 6, ಅಂದರೆ 3 ಬಂಧ, ತ್ರಿಬಂಧ. ಇದು ಎಲ್ಲ ಕಡೆ ನಡೆಯಲ್ಲ. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಬೋರಾನ್ 6ಕ್ಕೇ ನಿಲ್ಲುತ್ತದೆ. ಹತ್ತನೇ ತರಗತಿಗೆ ಅದರ ಚಿಂತೆ ಬೇಡ.

ಶ್ರೀನಿವಾಸಪುರದ ಮಾವು ಬೆಳೆಗಾರ:
ನಮ್ಮ ಮನೆ ಮಕ್ಕಳಿಗೆ ನಾನು ತೋಟದಿಂದಲೇ ಹೇಳಿದ್ದು. ಮಾವು ಮಾಗುವಾಗ ತಾನಾಗಿ ಬಿಡುವ ಅನಿಲ ಈಥೀನ್. ಕಾರ್ಬೈಡ್‌ಗೆ ನೀರಿನ ಪಸೆ ತಾಗಿದರೆ ಬರುವುದು ಅಸಿಟಿಲೀನ್, ಅಂದರೆ ಈಥೈನ್. ಎರಡರಲ್ಲೂ ಕಾರ್ಬನ್ 2. ಈಥೀನ್‌ನಲ್ಲಿ ಹೈಡ್ರೋಜನ್ 4, ಈಥೈನ್‌ನಲ್ಲಿ 2. ಹೈಡ್ರೋಜನ್ ಕಡಿಮೆಯಾದಷ್ಟೂ ಕಾರ್ಬನ್‌ಗಳ ನಡುವೆ ಗೆರೆ ಜಾಸ್ತಿ. ಕಾರ್ಬೈಡ್‌ನಿಂದ ಹಣ್ಣು ಮಾಡುವುದು ನಿಷೇಧ, ಅದನ್ನೂ ಮಕ್ಕಳಿಗೆ ಹೇಳಿ.

ಚಿಂತಾಮಣಿಯ ತಾಯಿ:
ಬೀಜ ಇಟ್ಟು ಮಾಡಿಸಿದೆ, ತುಂಬಾ ಉಪಕಾರ ಆಯಿತು. ಈಗ ಅವಳದೇ ಪ್ರಶ್ನೆ: ಹೈಡ್ರೋಜನ್ ಇಲ್ಲದೆ ಎರಡೇ ಕಾರ್ಬನ್ ನಾಲ್ಕು ಗೆರೆ ಹಾಕಿಕೊಳ್ಳಬಾರದಾ?

ತಿಪಟೂರು ಮೇಷ್ಟ್ರು:
ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಕಾರ್ಬನ್‌ನ ನಾಲ್ಕು ಇಲೆಕ್ಟ್ರಾನ್‌ಗಳೂ ಒಂದೇ ಪಕ್ಕಕ್ಕೆ ತಿರುಗಿ ಜೋಡಿಯಾಗುವುದು ಕಷ್ಟ. ಇಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ಪಾಠದಲ್ಲಿ ತ್ರಿಬಂಧದವರೆಗೆ ಮಾತ್ರ ಇದೆ. ವಜ್ರದಲ್ಲಿ ಪ್ರತಿ ಕಾರ್ಬನ್ ನಾಲ್ಕು ಕಡೆಯ ನಾಲ್ಕು ಕಾರ್ಬನ್‌ಗೆ ಒಂದೊಂದು ಏಕಬಂಧ ಹಾಕಿಕೊಂಡಿದೆ. ಅದರ ಚಿತ್ರ ಬರೆಯಲು ಹೇಳಿ.