ಸಹಾಯ ಬೇಕು: ವರ್ಡಲ್ ಆಡಲ್ಲ ಅಂತ ಮನೆಯವರಿಗೆ ಹೇಗೆ ಹೇಳಲಿ?

ನಮಸ್ಕಾರ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಬೆಳಗಾದರೆ ಸಾಕು, ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನ ತುಂಬ ಹಸಿರು, ಹಳದಿ ಚೌಕಗಳು. ಐದಕ್ಷರದ ಇಂಗ್ಲಿಷ್ ಪದ ಊಹಿಸುವ ಆಟ, ಆರು ಅವಕಾಶ, ದಿನಕ್ಕೊಂದೇ ಒಗಟು; ಆಡಿದವರು ಹಂಚಿಕೊಳ್ಳುವ ಫಲಿತಾಂಶವೇ ಆ ಚೌಕಗಳು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತಲ್ಲ, ಅದೇ ವರ್ಡಲ್. ಆಡುವವರು ಖುಷಿಯಾಗಿ ಆಡಲಿ, ನನಗೆ ಬೇಡ ಅಷ್ಟೇ. ಆದರೆ ಅತ್ತಿಗೆ ಬಿಡುವುದಿಲ್ಲ, "ಯಾಕೆ, ಇವತ್ತೂ ಹಾಕಿಲ್ವಲ್ಲ?" ಅನ್ನುತ್ತಾರೆ. ಮಂಡ್ಯದ ಚಿಕ್ಕಪ್ಪ ಫೋನ್ ಮಾಡಿ, "ಕಷ್ಟ ಏನಿಲ್ಲ ಮಗಾ, ಹೇಳ್ಕೊಡ್ತೀನಿ" ಅನ್ನುತ್ತಾರೆ. ಪಾಪ, ಪ್ರೀತಿಯಿಂದಲೇ. ಮ್ಯೂಟ್ ಮಾಡೋಣ ಅಂದರೆ ಅಮ್ಮನ ಮಾತ್ರೆ, ಡಾಕ್ಟರ್ ವಿಷಯವೆಲ್ಲ ಅಲ್ಲೇ ಬರುತ್ತದೆ.

ಚೌಕಗಳಿಗೆ ಬೇರೆ ಗ್ರೂಪ್ ಮಾಡಿಕೊಳ್ಳಿ ಅಂತ ಯಾರಿಗೂ ಬೇಜಾರಾಗದ ಹಾಗೆ ಹೇಳುವುದು ಹೇಗೆ? ಹೇಳಿ ಗೆದ್ದವರಿದ್ದರೆ, ನೀವು ಆಡಿದ ಮಾತನ್ನೇ ಇಲ್ಲಿ ಬರೆಯಿರಿ. ಸ್ವಲ್ಪ ಬೇಗ, ಭಾನುವಾರ ಎಲ್ಲರೂ ಊಟಕ್ಕೆ ಬರುತ್ತಿದ್ದಾರೆ.