ಅಟ್ಟದಲ್ಲಿ ಸಿಕ್ಕಿದ ಟಿಆರ್-606: ಸೆಲ್ಲು ಸೋರಿದೆ, ಬೂಷ್ಟು ಹಿಡಿದಿದೆ, ಆನ್ ಮಾಡಬಹುದಾ?

ಹುದಿಕೇರಿ ಬೀಟ್ಸ್:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ದುಬೈನಲ್ಲಿದ್ದಾಗ ತಗೊಂಡಿದ್ದ ರೋಲ್ಯಾಂಡ್ ಟಿಆರ್-606 ಡ್ರಮ್ ಮಷೀನ್ ಅಟ್ಟದಲ್ಲಿ ಸಿಕ್ಕಿತು. ಎಷ್ಟು ಮಳೆಗಾಲ ಅಲ್ಲೇ ಕಳೆದಿದೆಯೋ, ಚೀಲವೆಲ್ಲ ಬೂಷ್ಟು. ನಾಲ್ಕು ಸೆಲ್ಲು ಒಳಗೇ ಬಿಟ್ಟಿದ್ದಾರೆ, ಸೋರಿ ಸ್ಪ್ರಿಂಗ್ ಮೇಲೆಲ್ಲ ಬಿಳಿ, ಹಸಿರು ಪುಡಿ. ಯೂಟ್ಯೂಬಲ್ಲಿ ಒಬ್ಬ ಕೆಪಾಸಿಟರ್ ಎಲ್ಲ ಕಿತ್ತು ಹೊಸದು ಹಾಕಿ ಅಂತಾನೆ, ಇನ್ನೊಬ್ಬ ಮುಟ್ಟಲೇಬೇಡಿ ಅಂತಾನೆ. ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತೆ. ಮನೇಲಿ ಹಳೇ ರೂಟರಿನ ಅಡಾಪ್ಟರ್ ಇದೆ, ಪಿನ್ ಸರಿಯಾಗಿ ಕೂರುತ್ತೆ. ಹಾಕಿ ನೋಡ್ಲಾ?

ಕುಶಾಲನಗರ 94:
ಇದ್ದ ಹಾಗೇ ಮಾರಿಬಿಡಿ ಬ್ರೋ. ಆ ಸೌಂಡೆಲ್ಲ ಈಗ ಫೋನಲ್ಲೇ ಬರುತ್ತೆ.

ರೇಡಿಯೋ ಅಂಕಲ್, ವಿರಾಜಪೇಟೆ:
ತಮ್ಮಾ, ಆ ಅಡಾಪ್ಟರ್ ಕೆಳಗಿಡು ಮೊದಲು. 606ಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ, ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ರೂಟರಿನವು ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಎಷ್ಟೋ 12 ವೋಲ್ಟಿನವೂ ಇರುತ್ತವೆ. ಪಿನ್ ಕೂತ ಮಾತ್ರಕ್ಕೆ ಕರೆಂಟ್ ಸರಿಯಾಯ್ತು ಅಂತಲ್ಲ. ಗಿಟಾರ್ ಪೆಡಲಿನ ಅಡಾಪ್ಟರ್ ಸಾಮಾನ್ಯವಾಗಿ ಹೊಂದುತ್ತೆ. ಆದರೂ ಜಾಕ್ ಪಕ್ಕದ ಗುರುತು ನೋಡಿ, ಮೀಟರ್ ಇಟ್ಟು, ಆಮೇಲೆ ಚುಚ್ಚು.

ಅದಕ್ಕೂ ಮುಂಚೆ ಒಣಗಿಸು. ನಮ್ಮ ಕೊಡಗಲ್ಲಿ ಇಂಥ ಮಷೀನ್ ಕೆಡೋದು ವಯಸ್ಸಾಗಿ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಕುಡಿದ ತೇವದಿಂದ. ಹಾಗಂತ ಕಾಫಿ ಕಣದಲ್ಲಿ ಬಿಸಿಲಿಗಿಡಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಒಲೆ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಸ್ವಿಚ್ಚಿಗೆ ಇಳಿಯುತ್ತೆ. ಬಟ್ಟೆಗೆ ಬೂಷ್ಟು ಬರದ ಹಾಗೆ ಬೀರುವಿನಲ್ಲಿ ಬಲ್ಬ್ ಉರಿಸ್ತಿದ್ರಲ್ಲ, ಅಲ್ಲಿಡು. ಹಳೇ ತಂತಿ ಬಲ್ಬೇ ಬೇಕು, ಎಲ್‌ಇಡಿ ಉರಿಸಿದ್ರೆ ಬೀರು ಬೆಳ್ಳಗೆ ಕಾಣುತ್ತೆ ಅಷ್ಟೆ. ಮುಚ್ಚಳ ಬಿಚ್ಚಿ, ಬಲ್ಬಿಂದ ದೂರ ಇಟ್ಟು ಕೆಲವು ದಿನ ಬಿಡು.

ಸೋರಿದ್ದಕ್ಕೆ ಎಲ್ಲರೂ ಅಡುಗೆ ಸೋಡಾ ಹಚ್ಚು ಅಂತಾರೆ. ಸೆಲ್ ಯಾವುದು ನೋಡದೆ ಹಚ್ಚಬಾರದು. ಆಲ್ಕಲೈನ್ ಸೆಲ್ಲಿಂದ ಬರೋದು ಕ್ಷಾರ, ಅದಕ್ಕೆ ವಿನೆಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಕಡ್ಡಿ. ಹಳೇ ಕಾಲದ ಜಿಂಕ್-ಕಾರ್ಬನ್ ಸೆಲ್ಲಾದರೆ ಆಮ್ಲ, ಅಲ್ಲಿ ಸೋಡಾ ನೀರು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸು. ಗ್ಲೌಸ್ ಹಾಕ್ಕೋ. ಸ್ಪ್ರಿಂಗಿಂದ ಹೊರಟ ವೈರಿನ ತುದಿ ಸುಲಿದು ನೋಡು, ತಾಮ್ರ ಕಪ್ಪಾಗಿದ್ರೆ ವೈರ್ ಬದಲಾಯಿಸು; ಆ ಕಪ್ಪಿಗೆ ಸೀಸ ಹಿಡಿಯಲ್ಲ.

ಇನ್ನು ಕೆಪಾಸಿಟರ್ ವಿಷಯ. ಪವರ್ ಭಾಗದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ಡಬ್ಬಿ ಥರದ್ದು) ಒಣಗಿದ್ರೆ, ಊದಿದ್ರೆ ಬದಲಾಯಿಸು, ಬೇಡ ಅನ್ನಲ್ಲ. ಆದರೆ ಸದ್ದು ಹುಟ್ಟಿಸೋ ಭಾಗಕ್ಕೆ ಕೈ ಹಾಕಬೇಡ. ಇದರೊಳಗೆ ರೆಕಾರ್ಡ್ ಮಾಡಿಟ್ಟ ಡ್ರಮ್ ಇಲ್ಲ. ತೊಟ್ಟಿಲನ್ನು ಒಂದು ಸಲ ತಳ್ಳಿ ಬಿಟ್ಟರೆ ತೂಗಿ ತೂಗಿ ನಿಲ್ಲುತ್ತಲ್ಲ, ಬೇಸ್ ಡ್ರಮ್ಮಿನ ಸರ್ಕ್ಯೂಟಿಗೆ ಒಂದು ಪಲ್ಸ್ ಕೊಟ್ಟರೆ ಆಗೋದೂ ಹಾಗೇ. ಎಷ್ಟು ವೇಗ, ಎಷ್ಟು ಹೊತ್ತು ಅನ್ನೋದನ್ನ ತೀರ್ಮಾನಿಸೋದು ಅಲ್ಲಿನ ಪುಟ್ಟ ಕೆಪಾಸಿಟರು, ರೆಸಿಸ್ಟರು. ಕಣ್ಣಿಗೆ ಕಂಡದ್ದೆಲ್ಲ ಕಿತ್ತು ಹಾಕಿದ್ರೆ ಮಷೀನ್ ನಡೆಯುತ್ತೆ, ಧ್ವನಿ ಮಾತ್ರ ಬೇರೆ ಯಾರದೋ. ಇದೇ ರೋಲ್ಯಾಂಡಿನ ಇನ್ನೊಂದು ಡ್ರಮ್ ಮಷೀನ್ 808ರಲ್ಲಂತೂ ಬೇರೆಯವರು ತಿರಸ್ಕರಿಸಿದ ಟ್ರಾನ್ಸಿಸ್ಟರನ್ನೇ ಬೇಕಂತ ಆರಿಸಿ ಹಾಕಿದ್ರು, ಅದರ ಚುರುಗುಟ್ಟುವ ಸದ್ದಿಗೋಸ್ಕರ. ಅಂಥದ್ದನ್ನು ಟೆಸ್ಟರಲ್ಲಿ ಅಳೆದು 'ಕೆಟ್ಟಿದೆ' ಅಂತ ಎಸೆಯೋ ಜಾಣರೂ ಇದ್ದಾರೆ.

ಮೈಸೂರು ಕೀಬೋರ್ಡ್:
ಅಂಕಲ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಟನ್ ಒಂದು ಸಲ ಒತ್ತಿದ್ರೆ ಎರಡು ಸಲ ಬೀಳೋದು, ಅಥವಾ ಬೀಳದೇ ಇರೋದು ಈ ಮಷೀನಿನ ಮಾಮೂಲಿ ಕಾಯಿಲೆ. ಕ್ಲೀನಿಂಗಿಗೆ ಬಗ್ಗದಿದ್ರೆ ಕೆಳಗಿನ ಟ್ಯಾಕ್ಟ್ ಸ್ವಿಚ್ ಬದಲಾಯಿಸಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕಿ. ಎತ್ತರ ಅಳೆದುಕೊಂಡು ಹೋಗಿ, ಇಲ್ಲದಿದ್ರೆ ಮೇಲಿನ ಟೋಪಿ ಕೂರಲ್ಲ.

ಮಾರೋ ಮಾತು ಬೇಡ. 606 ಬಂದದ್ದು ರೋಲ್ಯಾಂಡಿನದೇ ಬೇಸ್ ನುಡಿಸೋ ಮಷೀನ್ ಟಿಬಿ-303ರ ಜೋಡಿಯಾಗಿ, 1981ರ ಹೊತ್ತಿಗೆ. 1982ರಲ್ಲೇ ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ 303, 808, ಜೂಪಿಟರ್-8 ಸಿಂಥಸೈಜರ್ ಇಟ್ಕೊಂಡು ರಾಗಗಳ ರೆಕಾರ್ಡ್ ಮಾಡಿದ್ರು. ಫೋನಲ್ಲಿ ಬರುತ್ತೆ ಅನ್ನೋರು ಅದನ್ನ ಒಂದ್ಸಲ ಕೇಳಲಿ.

ಹುದಿಕೇರಿ ಬೀಟ್ಸ್:
ಅಂಕಲ್, ಮೈಸೂರು ಸರ್, ಥ್ಯಾಂಕ್ಸ್! ಜಿಂಕ್ ಸೆಲ್ಲೇ ಆಗಿತ್ತು. ಸೋಡಾ ನೀರು, ಆಲ್ಕೋಹಾಲ್, ಎರಡು ವೈರ್ ಹೊಸದು. ಪೆಡಲ್ ಅಡಾಪ್ಟರಲ್ಲಿ ಆನ್ ಆಯ್ತು. ಸ್ನೇರ್, ಟಾಮ್, ಹೈ-ಹ್ಯಾಟ್ ಎಲ್ಲ ಬರ್ತಿದೆ, ವಾಲ್ಯೂಮ್ ನಾಬ್ ಕರಕರ ಅನ್ನುತ್ತೆ. ಒಂದೇ ಬೇಜಾರು, ಕೂರಿಸಿದ ಪ್ಯಾಟರ್ನ್ (ಬಡಿತದ ವರಸೆ) ಅಡಾಪ್ಟರ್ ತೆಗೆದ ಕೂಡಲೇ ಮಾಯ. ಆಮೇಲೆ ಕಂಪ್ಯೂಟರಿಂದ ಮಿಡಿ ಕೇಬಲ್ (ವಾದ್ಯಗಳಿಗೆ ಸೂಚನೆ ಕಳಿಸೋದು) ಹಾಕಿದೆ, ಓಡ್ತಾ ಇಲ್ಲ. ಮಿಡಿ ಕಿಟ್ ಕೂರಿಸ್ಬೇಕಾ?

ರೇಡಿಯೋ ಅಂಕಲ್, ವಿರಾಜಪೇಟೆ:
ಭೇಷ್. ನಾಬಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಆ ಕಡೆ ಈ ಕಡೆ ತಿರುಗಿಸು, ಸಾಕು. ಪ್ಯಾಟರ್ನ್ ಹೋಗೋದು ರೋಗ ಅಲ್ಲ, ಅದರ ನೆನಪು ನಿಂತಿರೋದೇ ಸೆಲ್ಲಿನ ಮೇಲೆ. ಹೊಸ ಸೆಲ್ ಹಾಕು, ನಮ್ಮಲ್ಲಿ ಕರೆಂಟ್ ಹೋದಾಗಲೂ ಉಳಿಯುತ್ತೆ. ಮಳೆಗಾಲಕ್ಕೆ ಎತ್ತಿಡುವಾಗ ಮಾತ್ರ ಪ್ಯಾಟರ್ನ್ ಬರೆದಿಟ್ಟು ಸೆಲ್ ತೆಗೆದುಬಿಡು.

ಮಿಡಿ ಬಂದದ್ದು 1983ರಲ್ಲಿ, ನಿನ್ನ ಮಷೀನ್ ಅದಕ್ಕಿಂತ ಹಳೇದು. ಹಿಂದೆ ಇರೋ ಐದು ಪಿನ್ನಿನ ತೂತು ಡಿನ್ ಸಿಂಕಿನದು, ಅಂದ್ರೆ ಮಷೀನುಗಳನ್ನ ಒಂದೇ ತಾಳಕ್ಕೆ ಓಡಿಸೋ ಹಳೇ ವ್ಯವಸ್ಥೆ: ಒಂದನೇ ಪಿನ್ ಸ್ಟಾರ್ಟ್-ಸ್ಟಾಪ್, ಮೂರನೇದು ತಾಳ ಎಣಿಸೋ ಕ್ಲಾಕ್, ಒಂದು ಕ್ವಾರ್ಟರ್ ನೋಟಿಗೆ (ಸಾಮಾನ್ಯವಾಗಿ ಒಂದು ಬೀಟಿಗೆ) 24 ಪಲ್ಸ್. ಮಷೀನಿಗೆ ತೂತು ಕೊರೆದು ಕಿಟ್ ಕೂರಿಸ್ಬೇಡ, ಹೊರಗೆ ಇಡೋ ಮಿಡಿ-ಡಿನ್ ಸಿಂಕ್ ಪೆಟ್ಟಿಗೆ ಸಿಗುತ್ತೆ. ಇನ್ನೊಂದು, ಎಷ್ಟೋ ಮಿಡಿ ಕೇಬಲಲ್ಲಿ ಒಂದನೇ ಮತ್ತು ಮೂರನೇ ಪಿನ್ನಿಗೆ ವೈರೇ ಇರಲ್ಲ. ಕೊಳ್ಳುವಾಗ ಮೀಟರಿನ ಬೀಪ್‌ನಲ್ಲಿ ಐದೂ ಪಿನ್ ನೋಡಿ ತಗೋ.